ಆಣೆ ಮಾಡಿದ ಬಾಯಿ

ಹಲ್ಲು ನೇರ ಮಾಡಿಸಿದರೆ ಸಾಲದು, ನೇರವಾದದ್ದನ್ನು ಕಾಯಲೂ ಬೇಕು ಎಂಬ ಸಂಗತಿ ಜಲಜಾಬಾಯಿಗೆ ತಿಳಿದದ್ದು ಮೊಮ್ಮಗಳು ಸುಮೇಧಾಳ ಬಾಯಿಯಿಂದ ತಂತಿ ಬಿಚ್ಚಿದ ದಿನ. ನಾಗಪುರದ ಧರಂಪೇಠದ ದವಾಖಾನೆಯಲ್ಲಿ ಡಾಕ್ಟರ್ ಚಾರುಲತಾ ಹುಡುಗಿಯ ಕೈಗೆ ಕನ್ನಡಿ ಕೊಟ್ಟರು. ಎರಡು ವರ್ಷ ತುಟಿ ಮುಚ್ಚಿಕೊಂಡೇ ನಕ್ಕಿದ್ದ ಹುಡುಗಿ ಅವತ್ತು ಬಾಯ್ತುಂಬ ನಕ್ಕಳು. ಒಂದರ ಮೇಲೊಂದು ಏರಿ ಕೂತಿದ್ದ ಮುಂದಿನ ಹಲ್ಲುಗಳು ಕಾರ್ತಿಕದಲ್ಲಿ ಕಟ್ಟೆಯ ಮೇಲೆ ಹಚ್ಚಿಟ್ಟ ದೀಪಗಳಂತೆ ಸಾಲಾಗಿ ನಿಂತಿದ್ದವು. ಜಲಜಾಬಾಯಿ ಕೂತಲ್ಲೇ ಕೈಮುಗಿದರು. ಯಾರಿಗೆ ಮುಗಿದರೋ, ದೇವರಿಗೋ ಡಾಕ್ಟರಿಗೋ, ಅವರಿಗೇ ಗೊತ್ತಿರಲಿಲ್ಲ.

ಸೊಸೆ ವಸುಧಾ ಶಾಲೆಯಲ್ಲಿ ಗಣಿತ ಕಲಿಸುವವಳು, ಬಿಡಿಸಿ ಬಿಡಿಸಿ ಕೇಳುವ ಸ್ವಭಾವ. ತಂತಿ ತೆಗೆದ ಮೇಲೆ ಹಲ್ಲು ಹಾಗೇ ನಿಲ್ಲುತ್ತದಲ್ಲವೇ ಎಂದಳು. ಇಲ್ಲ, ಎಂದರು ಡಾಕ್ಟರ್. ಹಲ್ಲಿಗೆ ತನ್ನ ಹಳೆಯ ಜಾಗದ ನೆನಪಿರುತ್ತದೆ, ಬಿಟ್ಟರೆ ಅಲ್ಲಿಗೇ ಹೊರಡುತ್ತದೆ; ಅದಕ್ಕೇ ಹಲ್ಲಿನ ಅಚ್ಚಿನ ಮೇಲೆ ಮಾಡಿದ ಈ ತೆಳ್ಳನೆಯ ಪ್ಲಾಸ್ಟಿಕ್ ಕವಚ. ಊಟತಿಂಡಿಗೆ ಮಾತ್ರ ತೆಗೆಯಬೇಕು, ಉಳಿದಂತೆ ಹಗಲೂ ರಾತ್ರಿಯೂ ಹಾಕಿಕೊಂಡಿರಬೇಕು, ಮುಂದೆ ರಾತ್ರಿಯಷ್ಟೇ ಸಾಕಾಗಬಹುದು. ಎಷ್ಟು ವರ್ಷ ಎಂದು ವಸುಧಾ ಕೇಳಿದ್ದಕ್ಕೆ, ಹಲ್ಲು ನೇರ ಇರಬೇಕೆಂದು ಎಷ್ಟು ವರ್ಷ ಆಸೆಯಿದೆಯೋ ಅಷ್ಟು ವರ್ಷ, ಎಂದು ನಕ್ಕರು. ಜಲಜಾಬಾಯಿಗೂ ಒಂದು ಪ್ರಶ್ನೆಯಿತ್ತು. ತಮ್ಮ ಸೊಸೆಯ ಹಲ್ಲೂ ಮೊದಲು ಇವಳದಿದ್ದ ಹಾಗೇ ಇದೆ, ನಲವತ್ತು ದಾಟಿದವರಿಗೆ ಮಾಡುತ್ತಾರೋ ಹೇಗೆ ಎಂದು ತಮ್ಮ ಮುರುಕು ಮರಾಠಿಯಲ್ಲಿ ಕೇಳಿಯೇಬಿಟ್ಟರು. ವಸಡು ಗಟ್ಟಿಯಿದ್ದರೆ ವಯಸ್ಸಿನ ತಕರಾರಿಲ್ಲ, ನಿಮ್ಮ ವಯಸ್ಸಿನವರೂ ಬರುತ್ತಾರೆ, ಎಂದರು ಡಾಕ್ಟರ್. ವಸುಧಾ ನಾಚಿ, "ಮೊದ್ಲು ಇಕೀದು ಮುಗೀಲಿ ಅತ್ತೆಯವರ," ಎಂದು ಮಾತು ತಪ್ಪಿಸಿದಳು. ಕವಚವನ್ನು ಹೇಗೆ ತೊಳೆಯಬೇಕೆಂದು ಡಾಕ್ಟರ್ ಹುಡುಗಿಗೆ ಹೇಳಿಕೊಡುವಾಗ ಜಲಜಾಬಾಯಿ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು.

ಮನೆಗೆ ಬಂದ ಕವಚ ಮನೆಯೊಳಗೊಂದು ಇಕ್ಕಟ್ಟನ್ನೂ ತಂದಿತು. ಬಾಯಿಂದ ತೆಗೆದದ್ದು ಎಂಜಲು. ಜಲಜಾಬಾಯಿ ಬೆಳೆದ ಮನೆಯಲ್ಲಿ ತುಟಿಗೆ ತಾಗಿದ ಲೋಟ ತೊಳೆಯದೆ ಒಳಗೆ ಬರುತ್ತಿರಲಿಲ್ಲ. ನಾಗಪುರದ ಈ ಎರಡು ಕೋಣೆಯ ಮನೆಯಲ್ಲಿ ಆ ಮಡಿಯೆಲ್ಲ ನಡೆಯದು ಎಂದು ಅವರೇ ಎಷ್ಟೋ ಬಿಟ್ಟುಕೊಟ್ಟಿದ್ದರು. ಆದರೂ ಕವಚವಿಡುವ ಡಬ್ಬಿ ಕೈತೊಳೆಯುವ ಬೇಸಿನ್ ದಾಟಿ ಅಡುಗೆಮನೆಯ ಕಡೆ ಬರಬಾರದು ಎಂದು ಮೊಮ್ಮಗಳಿಗೆ ಹೇಳಿದರು. ಹುಡುಗಿ ಚಕಾರವೆತ್ತದೆ ಒಪ್ಪಿದಳು. ಆದರೆ ಬೆಳಿಗ್ಗೆ ತಿಂಡಿಗೆ ಮುಂಚೆ ಅವಳು ಶಾಲೆಯ ಅವಸರದಲ್ಲಿ ಕವಚವನ್ನು ನಲ್ಲಿಯ ಕೆಳಗೆ ಒಮ್ಮೆ ಹಿಡಿದು ಡಬ್ಬಿಗೆ ಎಸೆಯುವುದನ್ನು ನೋಡಿದಾಗ ಅಜ್ಜಿಗೆ ಸಂಕಟವಾಗುತ್ತಿತ್ತು. ಇಡೀ ರಾತ್ರಿ ಕೂಸಿನ ಬಾಯಲ್ಲಿರುವ ವಸ್ತು, ಇಷ್ಟು ತೊಳೆದರೆ ಸಾಕೇ?

ಹೀಗಾಗಿ ದಿನಾ ಬೆಳಿಗ್ಗೆ, ಸುಮೇಧಾ ಸ್ನಾನಕ್ಕೆ ಹೋದಾಗ, ತಾವು ಇನ್ನೂ ಮಡಿಯುಡುವ ಮೊದಲು, ಅವರು ಕವಚವನ್ನು ಸ್ಟೀಲಿನ ಬಟ್ಟಲಲ್ಲಿಟ್ಟು ಮೇಲೆ ಕುದಿಯುವ ನೀರು ಸುರಿಯುತ್ತಿದ್ದರು. ಮಗ ರಘುನಂದನ ಕೂಸಾಗಿದ್ದಾಗ ಹಾಲು ಕುಡಿಸುವ ಬೆಳ್ಳಿ ಒಳಲೆಯನ್ನೂ ಹೀಗೇ ಶುದ್ಧ ಮಾಡುತ್ತಿದ್ದರು. ನೀರು ಆರಿದ ಮೇಲೆ ಕವಚವನ್ನು ಮೆಲ್ಲಗೆ ಒರೆಸಿ, ಕೃಷ್ಣಾ ಎಂದು ಡಬ್ಬಿಯಲ್ಲಿಡುತ್ತಿದ್ದರು. ಯಾರಿಗೂ ಹೇಳಲಿಲ್ಲ. ಹೇಳುವಂಥ ಮಾತೇ ಅದು?

ಮಳೆಗಾಲ ಕಳೆಯುತ್ತಿದ್ದಂತೆ ಹುಡುಗಿ ಕವಚ ಬಿಗಿಯಾಗುತ್ತಿದೆ, ನೋಯುತ್ತದೆ ಎನ್ನತೊಡಗಿದಳು. ವಸುಧಾ ದವಾಖಾನೆಗೆ ಫೋನ್ ಮಾಡಿದಳು. ಡಾಕ್ಟರ್ ರಜೆಯಲ್ಲಿದ್ದರು, ಫೋನ್ ಎತ್ತಿದವಳು, ನಾಲ್ಕು ದಿನ ಹಾಕದೆ ಬಿಟ್ಟರೆ ಹಾಗೆ ಬಿಗಿಯಾಗುತ್ತದೆ, ತಪ್ಪದೆ ಹಾಕಲು ಹೇಳಿ, ಎಂದಳು. ವಸುಧಾಳ ಪಾಲಿಗೆ ಲೆಕ್ಕ ಅಲ್ಲಿಗೆ ಬಿಡಿಸಿದಂತಾಯಿತು. ಒಂದು ಬೆಳಿಗ್ಗೆ ಕವಚ ದಿಂಬಿನ ಪಕ್ಕ ಬಿದ್ದದ್ದು ಕಂಡ ಮೇಲಂತೂ ಇನ್ನಾವ ಪುರಾವೆಯೂ ಬೇಕಾಗಲಿಲ್ಲ. ನಿದ್ದೆಯಲ್ಲಿ ತಾನೇ ಕಳಚಿಕೊಂಡಿದೆ ಎಂದು ಹುಡುಗಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಸರೆಯ ಹೊತ್ತಿಗೆ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಹೆಗಲು ಇಟ್ಟಿತ್ತು.

ಅವತ್ತು ವಸುಧಾ ಮಗಳನ್ನು ದೇವರ ಗೂಡಿನ ಮುಂದೆ ನಿಲ್ಲಿಸಿದಳು.

"ಇಲ್ಲಿ ನಿಂತು ಹೇಳು. ದಿನಾ ಹಾಕೋತೀ?"

"ದಿನಾ ಹಾಕೋತೀನಿ."

"ರಾಯರ ಮುಂದ ಹೇಳ್ಲಿಕ್ಹತ್ತೀ, ಲಕ್ಷ್ಯದಾಗ ಇರ್ಲಿ."

"ರಾಯರ ಆಣೀ ಮಾಡಿ ಹೇಳ್ತೀನಮ್ಮಾ. ದಿನಾ ಹಾಕೋತೀನಿ."

ವಸುಧಾ ಮಗಳ ಹಲ್ಲನ್ನೇ ನೋಡುತ್ತ ನಿಂತಳು. ಆಣೆ ಒಂದು ಹೇಳುತ್ತಿತ್ತು, ಹಲ್ಲು ಇನ್ನೊಂದು ಹೇಳುತ್ತಿತ್ತು. ಆಕೆ ಹಲ್ಲನ್ನು ನಂಬಿದಳು. ಅಂದಿನಿಂದ ಮಗಳ ಯಾವ ಮಾತಿಗೂ ಆ ಮನೆಯಲ್ಲಿ ಬೆಲೆ ಉಳಿಯಲಿಲ್ಲ. ಹೋಮ್‌ವರ್ಕ್ ಮುಗಿಯಿತು ಎಂದರೆ ತೆಗೆದು ತೋರಿಸು, ಗೆಳತಿಯ ಮನೆಗೆ ಎಂದರೆ ಅವಳ ತಾಯಿಗೆ ಫೋನ್ ಹಚ್ಚು. ರಘುನಂದನ ರೈಲ್ವೆ ಕಚೇರಿಯಿಂದ ದಣಿದು ಬಂದು ಎಲ್ಲ ಕೇಳಿಸಿಕೊಂಡು, ಸುಳ್ಳು ಹೇಳುವುದಾದರೂ ಯಾಕೆ ಎಂದಷ್ಟೇ ಅಂದ.

ಜಲಜಾಬಾಯಿಯ ದಿಗಿಲು ಬೇರೆ. ಹಲ್ಲು ಸೊಟ್ಟಗಿದ್ದರೆ ಇರಲಿ, ರಾಯರ ಮುಂದೆ ಸುಳ್ಳು ಆಣೆಯಾಯಿತಲ್ಲ. ಮಗುವಿನ ತಪ್ಪು ತಮ್ಮ ತಲೆಗಿರಲಿ ಎಂದು ಗುರುವಾರ ಒಪ್ಪತ್ತು ಹಿಡಿದರು. ಬೆಳಿಗ್ಗೆ ಕವಚದ ಮೇಲೆ ನೀರು ಸುರಿಯುವಾಗ ಇನ್ನಷ್ಟು ಭಕ್ತಿಯಿಂದ, ಇನ್ನಷ್ಟು ಹೊತ್ತು ಬಿಟ್ಟರು. ಒಂದು ಮಧ್ಯಾಹ್ನ ಹುಡುಗಿಯ ತಲೆ ಬಾಚುತ್ತ ಮೆಲ್ಲಗೆ ಕೇಳಿದರು.

"ಖರೇ ಹೇಳು ಕೂಸ. ನಾ ಯಾರ ಮುಂದೂ ಹೇಳಂಗಿಲ್ಲ. ಹಾಕೊಳ್ಳೂದಿಲ್ಲಲ್ಲಾ?"

ಸುಮೇಧಾ ತಿರುಗಿ ಅಜ್ಜಿಯ ಮುಖ ನೋಡಿದಳು. ಬಾಚಣಿಗೆ ತಾನೇ ಇಸಿದುಕೊಂಡು ಎದ್ದು ಹೋದಳು. ಆಮೇಲೆ ಅಜ್ಜಿಯ ಕೈಯಲ್ಲಿ ಜಡೆ ಹೆಣೆಸಿಕೊಳ್ಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಮೂವರೂ ದವಾಖಾನೆಗೆ ಹೋದರು. ವಸುಧಾ ದಾರಿಯುದ್ದಕ್ಕೂ ಡಾಕ್ಟರಿಗೆ ಹೇಳಬೇಕಾದ ದೂರನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಡಾಕ್ಟರ್ ಚಾರುಲತಾ ದೂರು ಕೇಳಿದರು, ಹುಡುಗಿಯ ಬಾಯಿ ನೋಡಿದರು, ಕವಚವನ್ನು ದೀಪಕ್ಕೆ ಹಿಡಿದು ಅತ್ತಿತ್ತ ತಿರುಗಿಸಿದರು. ಅದರ ಅಂಚು ಬಿಸಿಲಿಗಿಟ್ಟ ಹಪ್ಪಳದಂತೆ ಒಂದು ಕಡೆ ಮಣಿದಿತ್ತು. ಬಿಸಿನೀರಲ್ಲಿ ಹಾಕಿದ್ದಿರಾ ಎಂದು ಕೇಳಿದರು. ಇಲ್ಲ, ನೀವು ಹೇಳಿದ ಹಾಗೆ ತಣ್ಣೀರಲ್ಲೇ ತೊಳೆಯುತ್ತೇನೆ, ಎಂದಳು ಸುಮೇಧಾ. ವಸುಧಾ ನಿಟ್ಟುಸಿರು ಬಿಟ್ಟಳು. ಇದೂ ಸುಳ್ಳೇ ಇರಬೇಕು ಎಂಬ ಉಸಿರು ಅದು.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಜಲಜಾಬಾಯಿ ಎದ್ದು ನಿಂತರು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಅವರಿಗೆ ಹೊಳೆಯಲೂ ಇಲ್ಲ. ಮಾತು ಕನ್ನಡದಲ್ಲೇ ಬಂತು, ಡಾಕ್ಟರಿಗೆ ತಿಳಿಯದ ಕನ್ನಡದಲ್ಲಿ.

"ನಾ ಹಾಕತಿದ್ದೆ ವಸುಧಾ. ದಿನಾ, ಕುದಿಯೋ ನೀರು. ಎಂಜಲ ಅಲ್ಲೇನು ಅದು. ಕೂಸಿನ ಬಾಯಾಗ ಇರೋದು, ಸ್ವಚ್ಛ ಇರ್ಲಿ ಅಂತ..."

ವಸುಧಾ ಅತ್ತೆಯ ಕಡೆ ನೋಡಲಿಲ್ಲ. ಮಗಳ ಕಡೆ ನೋಡಿದಳು, ನೋಡಲಾಗದೆ ನೆಲ ನೋಡಿದಳು. ಆಮೇಲೆ ಅವಳೇ ಮರಾಠಿಯಲ್ಲಿ ಡಾಕ್ಟರಿಗೆ ವಿವರಿಸಿದಳು. ಡಾಕ್ಟರ್ ಯಾರನ್ನೂ ಬೈಯಲಿಲ್ಲ. ಈ ಪ್ಲಾಸ್ಟಿಕ್ ಕಾವಿಗೆ ಮೆತ್ತಗಾಗುತ್ತದೆ, ದಿನಕ್ಕಿಷ್ಟು ಮಣಿದಿದೆ. ತಾನು ಮಣಿದ ಕಡೆಗೆ ಹಲ್ಲನ್ನೂ ನೂಕಿದೆ. ಹುಡುಗಿ ತಪ್ಪದೆ ಹಾಕಿಕೊಂಡಿದ್ದಾಳೆ, ಅದಕ್ಕೇ ಇಷ್ಟು ಸರಿದಿದೆ, ಎಂದರು.

ವಸುಧಾ ಮತ್ತೆ ಕೇಳತೊಡಗಿದಳು, ಆದರೆ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ. ಇದನ್ನೇ ನೆಟ್ಟಗೆ ಮಾಡಲಾಗುವುದೇ? ಆಗದು. ಹೊಸ ಕವಚ ಮಾಡಿದರೆ ಹಲ್ಲು ಹಿಂದಕ್ಕೆ ಹೋಗುವುದೇ? ಇಲ್ಲ, ಈಗ ನಿಂತಲ್ಲೇ ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಇಷ್ಟು ಸರಿದದ್ದನ್ನು ಹಿಂದೆ ತರಲು ಕೆಲವು ತಿಂಗಳು ಮತ್ತೆ ತಂತಿ ಕಟ್ಟಬೇಕು.

"ತಂತಿ ಬ್ಯಾಡ," ಎಂದಳು ಸುಮೇಧಾ.

"ಸುಮೀ, ಸ್ವಲ್ಪ ದಿನದ ಮಾತು..."

"ಅಮ್ಮಾ, ನಾ ಹೇಳಿದ್ದು ಒಂದೂ ಕೇಳಿಲ್ಲ ನೀ. ಇದೊಂದು ಕೇಳು."

ಮಗಳ ಮೇಲೆ ಒತ್ತಾಯ ಮಾಡುವ ಹಕ್ಕು ಎಲ್ಲಿ ಕಳೆದುಹೋಯಿತೆಂದು ವಸುಧಾಳಿಗೆ ಗೊತ್ತಿತ್ತು. ಡಾಕ್ಟರ್ ಒಬ್ಬರ ನಂತರ ಒಬ್ಬರ ಮುಖ ನೋಡಿ, ಸದ್ಯಕ್ಕೆ ಇದ್ದ ಹಾಗೇ ಅಚ್ಚು ತೆಗೆಯುತ್ತೇನೆ, ಮುಂದಿನದನ್ನು ಆಮೇಲೆ ನೋಡೋಣ, ಎಂದು ಎದ್ದರು.

ಜಲಜಾಬಾಯಿ ಕುರ್ಚಿಯ ಹತ್ತಿರ ಬಂದರು.

"ರಾಯರ ಮುಂದ ನೀ ಖರೇನ ಹೇಳಿದ್ದಿ, ಕೂಸ."

"ನನಗ ಗೊತ್ತಿತ್ತು ಅಜ್ಜಿ. ರಾಯರಿಗೂ ಗೊತ್ತಿತ್ತು. ನಿಮಗಷ್ಟ ಗೊತ್ತಿರಲಿಲ್ಲ."

ಸಿಟ್ಟಿನ ದನಿಯಲ್ಲ. ಸಿಟ್ಟಾದರೂ ಇದ್ದಿದ್ದರೆ ಅದನ್ನು ಸಮಾಧಾನಪಡಿಸುವ ದಾರಿ ಅಜ್ಜಿಗೆ ಗೊತ್ತಿತ್ತು. ಡಾಕ್ಟರ್ ಕುರ್ಚಿ ಹಿಂದಕ್ಕೆ ವಾಲಿಸಿ, ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ತುಂಬಿದ ಪುಟ್ಟ ತಟ್ಟೆಯನ್ನು ಹುಡುಗಿಯ ಬಾಯಿಗೆ ಒತ್ತಿ ಹಿಡಿದರು. ಮೂಗಿನಿಂದ ಉಸಿರಾಡು, ಅಲುಗಬೇಡ, ಎಂದರು. ಹುಡುಗಿಗೆ ಓಕರಿಕೆ ಬಂತು, ತಡೆದುಕೊಂಡಳು, ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಜಲಜಾಬಾಯಿ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರು. ಏನು ಬೇಡಬೇಕೆಂದು ತಿಳಿಯಲಿಲ್ಲ. ಕಣ್ಣು ತೆರೆದು, ಮೊಮ್ಮಗಳ ಕೈ ಹಿಡಿಯಲು ಕೈ ಚಾಚಿದರು. ಸುಮೇಧಾ ಎರಡು ಕೈಯಿಂದಲೂ ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಹಿಟ್ಟು ಗಟ್ಟಿಯಾಗುವವರೆಗೂ ಜಲಜಾಬಾಯಿ ಚಾಚಿದ ಕೈಯನ್ನು ಹಿಂದೆಗೆಯದೆ, ಎಲ್ಲಿಯೂ ಇಡದೆ, ಹಾಗೇ ನಿಂತಿದ್ದರು.