ಸೇವಾ ಚರಿತ್ರೆಯಲ್ಲಿ ಒಂದು ಹೆಸರು

ನಮ್ಮ ಅಣುಶಕ್ತಿ ಜಲಾಂತರ್ಗಾಮಿಯನ್ನು ಒಡೆಯುವ ಆದೇಶ ತೊಂಬತ್ತಾರರ ವಸಂತದಲ್ಲಿ ಬಂತು. ಅದಕ್ಕೆ ಮುಂಚೆ ಅದರ ಸೇವಾ ಚರಿತ್ರೆ ಬರೆದುಕೊಡಿ ಎಂದು ಕಚೇರಿಯವರು ನನಗೆ ಹೇಳಿದರು. ಹನ್ನೆರಡು ವರ್ಷ ಅದರ ಅಣುಸ್ಥಾವರ ನೋಡಿಕೊಂಡವನು ನಾನು. ಹಡಗುಕಟ್ಟೆಯ ಊರಾದ ಸೆವೆರೊದ್ವಿನ್ಸ್ಕ್‌ನಲ್ಲಿ ಉಳಿದಿದ್ದ ಹಳಬ ನಾನೊಬ್ಬನೇ.

ಎಂಟು ಹಾಳೆಯಾಯಿತು. ನೀರಿಗಿಳಿದ ವರ್ಷ, ಹದಿನಾಲ್ಕು ದೀರ್ಘಯಾನ, ಬಿಳಿ ಸಮುದ್ರದಲ್ಲಿ ಹಾರಿಸಿದ ಕ್ಷಿಪಣಿಗಳು, ಎರಡು ಸಲ ಇಂಧನ ಬದಲಾವಣೆ. ಎಂಬತ್ತೊಂದರದು ಒಂದೇ ಸಾಲು: ‘ಏಳನೇ ವಿಭಾಗದಲ್ಲಿ ಬೆಂಕಿ. ನಂದಿಸಲಾಯಿತು. ಮೃತರು: ಒಬ್ಬರು.’

ಆ ಒಬ್ಬರು ಎಲೆಕ್ಟ್ರಿಶಿಯನ್ ಫೆದೋತ್ ಕುಲಿಗಿನ್. ಕಚೇರಿಯಲ್ಲಿ ಟೈಪ್ ಮಾಡುವವಳು ಅವನ ಹೆಂಡತಿ ರಿಮ್ಮಾ. ಹದಿನೈದು ವರ್ಷ ನಾನು ಅವಳೊಡನೆ ಮಾತಾಡಿರಲಿಲ್ಲ.

“ವಿಲೆನ್ ಸವ್ವಿಚ್, ಇದು ಅಕ್ಷರಾನೋ, ಕಾಗೆ ಕಾಲು ಗುಬ್ಬಿ ಕಾಲೋ? ಕೂತ್ಕೊಂಡು ನೀವೇ ಓದಿ ಹೇಳಿ,” ಎಂದು ನನ್ನ ಹಾಳೆಗಳನ್ನು ನನ್ನತ್ತಲೇ ಸರಿಸಿದಳು.

ಓದಿದೆ. ಆ ಸಾಲನ್ನೂ ಅದೇ ದನಿಯಲ್ಲಿ ಓದಿದೆ. ಅವಳೂ ಅದೇ ವೇಗದಲ್ಲಿ ಟೈಪ್ ಮಾಡಿ, ಆಮೇಲೆ ಕೈ ನಿಲ್ಲಿಸಿದಳು.

“ತಕ್ಷಣ ಹೋದ ಅಂತ ಹೇಳಿದ್ರು ನಂಗೆ. ಹೌದಾ?”

“ಇಲ್ಲ. ಆ ವಿಭಾಗದ ಬಾಗಿಲು ಮುಚ್ಚಿದ್ದು ನಾನು. ತೆಗೆದಿದ್ರೆ ಬೆಂಕಿ ಸ್ಥಾವರದ ಕಡೆ ಬರ್ತಿತ್ತು. ಅವನು ಒಳಗಿಂದ ಬಡೀತಿದ್ದ. ಹನ್ನೊಂದು ನಿಮಿಷ.”

ನನಗೆ ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಮೇಜಿನ ಮೇಲಿದ್ದ ಜಾಮ್ ಸೀಸೆಯನ್ನು ನೋಡುತ್ತಾ ಕೂತೆ.

“ಏನಾದ್ರೂ ಅಂದ್ನಾ?”

“ಹಡಗಿನೊಳಗಿನ ಫೋನಲ್ಲಿ ಒಂದ್ಸಲ. ‘ತೆಗೀಬೇಡಿ. ಇದ್ದೀನಿ ಅಂತ ಗೊತ್ತಾಗ್ಲಿ ಅಂತ ಬಡೀತಿದ್ದೀನಿ, ಅಷ್ಟೇ’ ಅಂದ.”

“ಹಾಗೇ ಅವನು. ಕೈಯಲ್ಲಿ ಬೀಗದ ಕೈ ಇದ್ರೂ ಮನೆ ಬಾಗಿಲು ಬಡ್ದೇ ಬರ್ತಿದ್ದ,” ಎಂದು ನನಗೆ ಟೀ ಬಗ್ಗಿಸಿದಳು. “ಅವನ ಹೆಸರು ಹಾಕಿ.”

“ಹೆಸರು ಹಾಕೋ ಹಾಗಿಲ್ಲ ರಿಮ್ಮಾ. ನಿಯಮ.”

“ಒಡೆಯೋ ಹಡಗಿಗೆ ಎಂಥ ನಿಯಮ ರೀ?”

ಹೊಸ ಹಾಳೆ ತೂರಿಸಿ ಗಂಡನ ಹೆಸರು ಟೈಪ್ ಮಾಡಿದಳು, ಹನ್ನೊಂದು ನಿಮಿಷವನ್ನೂ ಸೇರಿಸಿದಳು.

“ಬಾಗಿಲು ಮುಚ್ಚಿದ್ದು ಯಾರು ಅಂತಾನೂ ಹಾಕ್ಲಾ?”

“ಹಾಕಿ.”

ನಾನು ಕೆಳಗೆ ಸಹಿ ಮಾಡಿದೆ. ಮರುದಿನ ಅಧಿಕಾರಿ ಓದದೆಯೇ ಮುದ್ರೆ ಒತ್ತಿ ಕಡತಕ್ಕೆ ಸೇರಿಸಿದ. ನಾವು ಏನು ಬರೆದಿದ್ದರೂ ಹಾಗೇ ಹೋಗುತ್ತಿತ್ತು.

ಜೂನ್‌ನಲ್ಲಿ ಏಳನೇ ವಿಭಾಗವಿದ್ದ ಹಡಗಿನ ಹಿಂಭಾಗವನ್ನು ಕತ್ತರಿಸಿದರು. ರಿಮ್ಮಾ ನೋಡಲು ಬಂದಿದ್ದಳು. ಕ್ರೇನು ಉಕ್ಕಿನ ತುಂಡನ್ನು ಎತ್ತಿ ಪಕ್ಕಕ್ಕಿಡುವವರೆಗೂ ಇಬ್ಬರೂ ನಿಂತಿದ್ದೆವು. ನನಗೆ ಏನೂ ಅನ್ನಿಸಲಿಲ್ಲ. ಅವಳಿಗೆ ಏನನ್ನಿಸಿತೋ, ನಾನು ಕೇಳಲಿಲ್ಲ. ಮಾರುಕಟ್ಟೆಗೆ ಕಾಡ್ ಮೀನು ಬಂದಿದೆಯಂತೆ ಎಂದು ಹೇಳಿ ಅವಳು ಹೊರಟಳು.