ಕಣಿವೆ ತೆರೆದಿದೆ

ಪೈಲಟ್‌ಗಳು ಸಾವಿನ ಮನೆಗೆ ಬಂದರೆ ಅಳುವುದಿಲ್ಲ, ಹೆಲಿಕಾಪ್ಟರ್ ಹಾರಿಸುತ್ತಾರೆ. ಊಟದ ಮೇಜಿನ ಮೇಲೆ ಚೊಂಬಿಟ್ಟು ಅದನ್ನು ಬೆಟ್ಟ ಅನ್ನುತ್ತಾರೆ, ಎದುರಿಗೆ ನೀರಿನ ಜಗ್ ಇಟ್ಟು ಇನ್ನೊಂದು ಬೆಟ್ಟ ಅನ್ನುತ್ತಾರೆ, ನಡುವೆ ಅಂಗೈ ಚಾಚಿಕೊಂಡು ಹೊರಡುತ್ತಾರೆ. ಸತ್ತವನು ಎಲ್ಲಿ ತಪ್ಪಿದ ಅಂತ ಗೊತ್ತಾಗುವವರೆಗೆ ಆ ಅಂಗೈ ಕೆಳಗಿಳಿಯುವುದಿಲ್ಲ.

ನನ್ನ ಗಂಡ ಚನ್ನವೀರೇಶ್ ಕೂಡ ಇದೇ ಮೇಜಿನ ಮೇಲೆ ಯಾರ್‍ಯಾರದೋ ಸಾವನ್ನು ಹೀಗೆ ಹಾರಿಸಿದ್ದುಂಟು. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕಿವಿ ಹೊರಗಿಟ್ಟಿರುತ್ತಿದ್ದೆ. "ಅವನು ಅಲ್ಲೇ ವಾಪಸ್ ತಿರುಗಬೇಕಿತ್ತು" ಅಂತ ತೀರ್ಮಾನವಾದರೆ ನನಗೂ ಜೀವಕ್ಕೆ ಸಮಾಧಾನ. ನನ್ನ ಗಂಡ ತಿರುಗುತ್ತಾರಲ್ಲ, ಸಾಕು. ಬೇರೆಯವರ ತಪ್ಪು ಕೇಳಿಸಿಕೊಂಡ ರಾತ್ರಿ ಒಳ್ಳೆ ನಿದ್ದೆ ಬರುತ್ತಿತ್ತು.

ಈಗ ಸರದಿ ನಮ್ಮದು. ಹಿಮಾಲಯದ ಒಂದು ಕಣಿವೆಯಲ್ಲಿ ಅವರು ಯಾತ್ರಿಕರನ್ನು ಮೇಲಿನ ದೇವಸ್ಥಾನಕ್ಕೆ ಹತ್ತಿಸಿ ಇಳಿಸುವ ಕೆಲಸ ಮಾಡುತ್ತಿದ್ದರು. ಮೇಲೆ ಕಾಯುತ್ತಿದ್ದವರನ್ನು ಕರೆತರಲು ಖಾಲಿ ಹೋಗುವಾಗ ಮೋಡಕ್ಕೆ ಸಿಕ್ಕಿ ಬೆಟ್ಟಕ್ಕೆ ಬಡಿದರು. ಒಬ್ಬರೇ ಇದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಅವರನ್ನು ಕೂರಿಸುವ ಹಾಗಿರಲಿಲ್ಲ. ಪೆಟ್ಟಿಗೆ ತೆಗೆಯಬೇಡಿ ಅಂದರು, ನಾವೂ ತೆಗೆಯಲಿಲ್ಲ.

ಟಿವಿಯವರು ಒಂದೇ ಮಾತು ಹಿಡಿದರು: ಪೈಲಟ್ ಅಜಾಗರೂಕತೆ. ಶಿವಗಣಾರಾಧನೆಗೆ ಬಂದ ನೆಂಟರು ಹೋಳಿಗೆ ಉಂಡು, ಎಲೆ ಮಡಚುವ ಮೊದಲೇ, "ಪಾಪ, ಸ್ವಲ್ಪ ಹುಷಾರಾಗಿರಬೇಕಿತ್ತು" ಅಂದು ದಾವಣಗೆರೆ ಬಸ್ ಹತ್ತಿದರು. ಜೀವನದಲ್ಲಿ ಸ್ಟೂಲ್ ಹತ್ತಿ ಬಲ್ಬ್ ಹಾಕದವರೂ ಹಾಗಂದರು! ನನಗೆ ಬೇಕಾಗಿದ್ದು ಇಷ್ಟೇ. ಈ ಕೆಲಸ ಬಲ್ಲ ಯಾರಾದರೂ ಒಬ್ಬರು ಈ ಮನೆಯಲ್ಲಿ ಕೂತು, ಚನ್ನವೀರೇಶ್ ತಪ್ಪು ಮಾಡಲಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು.

ಹಾಗಾಗಿ ಆ ಭಾನುವಾರ ಮಧ್ಯಾಹ್ನ ಅವರ ಸ್ನೇಹಿತರು ಮೂವರು ಬಸವೇಶ್ವರನಗರದ ನಮ್ಮ ಮೂರನೇ ಮಹಡಿ ಹತ್ತಿ ಬಂದಾಗ ನನಗೆ ಆಸೆಯೇ ಹುಟ್ಟಿತು. ಲಕ್ಷ್ಮೀಪತಿ ಸಾರ್ ಸೈನ್ಯದಲ್ಲಿ ಇವರಿಗೆಲ್ಲ ಹಾರಲು ಕಲಿಸಿದವರು, ಈಗ ಮಂಡಿ ನೋವು. ರುದ್ರಮುನಿ ನನ್ನ ಗಂಡನ ಜೊತೆ ಕಲಿತವನು, ಈಗ ಬೆಂಗಳೂರಿನಲ್ಲೇ ಇದ್ದು ರಾಜಕಾರಣಿಗಳನ್ನು ಹಾರಿಸುತ್ತಾನೆ, ಅವರ ಸಹವಾಸದಲ್ಲಿ ಬಾಯಿಯೂ ಬೆಳೆದಿದೆ. ಮೂರನೆಯವನು ಗಿರಿರಾಜ್. ಅದೇ ಕಣಿವೆಯಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದವನು. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಚಮಚ ಮುಟ್ಟದೆ ಕೂತಿದ್ದ.

ನಾನು ಕಾಫಿ ಬೆರೆಸಲು ಒಳಗೆ ಹೋದದ್ದೇ ತಡ, ಚೊಂಬು ಸರಿದ ಸದ್ದು ಕೇಳಿಸಿತು.

"ಕಣಿವೇಲಿ ಒಂದು ಪಕ್ಕ ಒತ್ಕೊಂಡು ಹಾರ್ಬೇಕು, ತಿರುಗೋಕೆ ಜಾಗ ಸಿಗುತ್ತೆ" ಅಂದ ರುದ್ರಮುನಿ. "ಇವನು ಮಧ್ಯದಲ್ಲಿ ಹೋಗಿದಾನೆ ಸಾರ್. ನಾನಾಗಿದ್ರೆ ಈ ತಿರುವಲ್ಲೇ ವಾಪಸ್."

"ತಿರುವಿಗೆ ಮುಂಚೆ ಸೇತುವೆ ಬರುತ್ತಲ್ಲ, ಅಲ್ಲೇ ಮೋಡ ಕಂಡಿರುತ್ತಪ್ಪ" ಅಂದರು ಲಕ್ಷ್ಮೀಪತಿ ಸಾರ್. "ಇನ್ನೂ ಸ್ವಲ್ಪ ನೋಡೋಣ ಅಂದ್ಕೊಂಡಿರ್ತಾನೆ. ಅಲ್ಲೇ ಕೆಟ್ಟಿದ್ದು."

ಕಿಟಕಿಯಾಚೆ ಕಾಮಾಕ್ಷಿಪಾಳ್ಯದ ಶೀಟ್ ಛಾವಣಿಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು. ಹಾಲು ಉಕ್ಕಿತು, ನನಗೂ ಉಕ್ಕಿತು. ಒಲೆ ಆರಿಸಿ, ಬೆರೆಸಿದ ಕಾಫಿ ಲೋಟದಲ್ಲೇ ಬಿಟ್ಟು ಹೊರಗೆ ಬಂದೆ.

"ಸಿಕ್ತಾ?"

"ಏನು ಅತ್ತಿಗೆ?" ರುದ್ರಮುನಿಯ ಅಂಗೈ ಇನ್ನೂ ಚೊಂಬಿನ ಪಕ್ಕದಲ್ಲೇ ಇತ್ತು.

"ಅವರ ತಪ್ಪು."

ಮೂವರೂ ತಲೆ ತಗ್ಗಿಸಿದರು. ಲಕ್ಷ್ಮೀಪತಿ ಸಾರ್ ಗಂಟಲು ಸರಿಮಾಡಿಕೊಂಡು, "ಹಾಗಲ್ಲಮ್ಮ ಐಶ್ವರ್ಯ, ನಾವು ಕಲಿಯೋದೇ ಹೀಗೆ" ಅಂದರು.

"ಕಲೀರಿ ಸಾರ್, ಬೇಡ ಅನ್ನಲ್ಲ. ಆದ್ರೆ ಒಂದು ಹೇಳಿ. ಆ ಕಣಿವೇಲಿ ಮುಂದೆ ಹೋದವರು ರೇಡಿಯೋದಲ್ಲಿ 'ತೆರೆದಿದೆ' ಅಂದ್ರೆ ಮಾತ್ರ ಹಿಂದಿನವರು ಹೊರಡೋದು. 'ಮುಚ್ಚಿದೆ' ಅಂದ್ರೆ ಕೂತು ಟೀ ಕುಡಿಯೋದು. ಅಲ್ಲಿ ಬೇರೆ ಹವಾಮಾನ ಇಲಾಖೆ ಇಲ್ಲ ಅಂತ ಅವರೇ ನಗ್ತಾ ಹೇಳಿದ್ರು. ಅವತ್ತು ತೆರೆದಿದೆ ಅಂದಿದ್ದು ಯಾರು?"

ಗಿರಿರಾಜ್ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದ.

"ನಾನೇ ಅತ್ತಿಗೆ."

ಆಮೇಲೆ ಅವನು ನಿಲ್ಲಿಸದೆ ಹೇಳಿದ. ಮುಂದೆ ಹೋದವನು ಅವನು. ಕಣಿವೆ ತುದಿಯವರೆಗೂ ತಿಳಿಯಾಗಿತ್ತು, ಅದನ್ನೇ ಹೇಳಿದ. ಹಿಂದಿದ್ದ ನನ್ನ ಗಂಡ "ಸರಿ ಗಿರಿ, ಬಂದೆ" ಅಂದರು. ಇವರು ತಿರುವಿಗೆ ಬರುವಷ್ಟರಲ್ಲಿ ನದಿಯ ಕಡೆಯಿಂದ ಮೋಡ ಎದ್ದು ಹಿಂದೆ ಮುಂದೆ ಎರಡೂ ಮುಚ್ಚಿತು. ಮೇಲೆ ಇಳಿದ ಗಿರಿರಾಜ್ ಯಾತ್ರಿಕರ ಜೊತೆ ನಿಂತು ಸದ್ದಿಗಾಗಿ ಕಾದ. ಸದ್ದು ಹತ್ತಿರ ಬಂತು, ಆಮೇಲೆ ಬರಲಿಲ್ಲ.

"ಒಬ್ರಿಗೂ ಹೇಳಿಲ್ಲ ನಾನು" ಅಂದ. "ಕೇಳಲೂ ಇಲ್ಲ ಯಾರೂ."

ನನಗೆ ಬೇಕಾದ್ದು ಸಿಕ್ಕಿತು. ಖುಷಿಯಾಗಬೇಕಿತ್ತು. ಆದರೆ ನಾನು ನೋಡುತ್ತಿದ್ದ ಹಾಗೇ ಲಕ್ಷ್ಮೀಪತಿ ಸಾರ್ ಚೊಂಬನ್ನು ಗಿರಿರಾಜ್ ಕಡೆಗೆ ಸರಿಸಿದರು.

"ನೀನು ಇಳೀವಾಗ ಹಿಂದಕ್ಕೆ ಒಂದ್ಸಲ ನೋಡ್ಲಿಲ್ವೇನಪ್ಪ?"

"ನಾನಾಗಿದ್ರೆ ಇಳಿದ ತಕ್ಷಣ ಇನ್ನೊಂದ್ಸಲ ಹೇಳ್ತಿದ್ದೆ ಗುರು" ಅಂದ ರುದ್ರಮುನಿ. ಅವನ ಮುಖಕ್ಕೆ ಆಗಲೇ ಕಳೆ ಬಂದಿತ್ತು. ಸತ್ತವನಾದರೇನು, ಬದುಕಿದವನಾದರೇನು, ತಾನಲ್ಲದ ಯಾರೋ ಒಬ್ಬರು ತಪ್ಪಿದ್ದರೆ ಆಯಿತು. ನನ್ನ ಗಂಡನ ಹೆಗಲಿಂದ ಇಳಿದದ್ದು ಗಿರಿರಾಜನ ಹೆಗಲೇರಿ ಕೂತಿತು. ಅವನು ಅದನ್ನು ಹೊತ್ತುಕೊಂಡ.

ನಾನು ಚೊಂಬು ಎತ್ತಿಕೊಂಡೆ. "ಇದು ಊಟದ ಮೇಜು" ಅಂದೆ. ಕಾಫಿ ಕುಡಿಯದೇ ಎದ್ದರು. ಲಕ್ಷ್ಮೀಪತಿ ಸಾರ್ ನನ್ನ ತಲೆ ಮುಟ್ಟಿ ಕಣ್ಣೊರೆಸಿಕೊಂಡರು, ರುದ್ರಮುನಿ ಅವರ ತೋಳು ಹಿಡಿದು ವಿಜಯನಗರ ಮೆಟ್ರೋ ತನಕ ಬಿಡುತ್ತೇನೆ ಅಂತ ಇಳಿಸಿಕೊಂಡು ಹೋದ. ಕೆಟ್ಟವರೇನಲ್ಲ ಅವರು. ನಾಳೆ ಹಾರಬೇಕಾದವರು, ಅವರಿಗೆ ಹಾರಲು ಕಲಿಸಿದವರು.

ಗಿರಿರಾಜ್ ಬಾಗಿಲಲ್ಲಿ ಶೂ ಲೇಸ್ ಕಟ್ಟುತ್ತಾ ಹಿಂದೆ ಉಳಿದ.

"ನೀವು ನೋಡಿದಾಗ ನಿಜವಾಗ್ಲೂ ತೆರೆದಿತ್ತಾ?" ಅಂತ ಕೇಳಿದೆ.

"ದೇವಸ್ಥಾನದ ಬಾವುಟ ಕಾಣ್ತಿತ್ತು ಅತ್ತಿಗೆ."

"ಹಾಗಿದ್ರೆ ನಿಮ್ಮದೂ ತಪ್ಪಿಲ್ಲ ಬಿಡಿ."

ಸಮಾಧಾನವಾಗಲಿ ಅಂತಲೇ ಹೇಳಿದ್ದೆ. ಅವನು ಲೇಸ್ ಬಿಟ್ಟು ತಲೆ ಎತ್ತಿದ. ನಾನೇ ಅವನಿಗೆ ಹೊಡೆದಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

"ಹಾಗನ್ಬೇಡಿ. ನನ್ನದೇ ತಪ್ಪು ಅಂತ ಇರ್ಲಿ. ತಪ್ಪಾದ್ರೆ ತಿದ್ಕೋಬಹುದು. ಯಾರದೂ ತಪ್ಪಿಲ್ಲ ಅಂದ್ರೆ, ನಾನು ಮತ್ತೆ ಆ ಕಣಿವೆಗೆ ಹೆಂಗೆ ಹೋಗ್ಲಿ ಹೇಳಿ?"

ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ.

ಒಳಗೆ ಬಂದು ತಣ್ಣಗಾದ ಕಾಫಿ ಸಿಂಕಿಗೆ ಚೆಲ್ಲಿ ಲೋಟ ತೊಳೆಯತೊಡಗಿದೆ. ಈ ಹೊತ್ತಿಗೆ ನಮ್ಮ ಜಗಳ ಶುರುವಾಗುತ್ತಿತ್ತು. ಅವರನ್ನು ಮಣ್ಣು ಮಾಡಿ ಬಂದ ದಿನದಿಂದಲೂ ಮನೆಯಲ್ಲಿ ಒಬ್ಬಳೇ ಆದಾಗ ನಾನು ಅವರನ್ನು ಬೈಯುತ್ತಿದ್ದೆ. ಯಾಕ್ರೀ ತಿರುಗಲಿಲ್ಲ, ಹೆಂಡತಿಗಿಂತ ಆ ಬೆಟ್ಟ ಹೆಚ್ಚಾಯ್ತಾ, ಅಷ್ಟು ಅವಸರ ಏನಿತ್ತು. ಅವರು ಬಿಡುತ್ತಿರಲಿಲ್ಲ, ಹಾಲ್‌ ಕಡೆಯಿಂದಲೇ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು. ಟಿವಿಯವರಿಗೆ, ನೆಂಟರಿಗೆ, ಎಲ್ಲರಿಗೂ ಅವರ ತಪ್ಪಿಲ್ಲ ಅನ್ನುತ್ತಿದ್ದ ನಾನು, ಅವರೊಬ್ಬರಿಗೆ ಮಾತ್ರ ತಪ್ಪು ನಿಮ್ಮದೇ ಅನ್ನುತ್ತಿದ್ದೆ. ಆ ಜಗಳದಲ್ಲೇ ಸಂಜೆ ಕಳೆಯುತ್ತಿತ್ತು.

ಅವತ್ತು ಬೈಯಲು ಬಾಯಿ ತೆರೆದೆ. ಏನಂತ ಬೈಯಲಿ?

"ನೀವೇನೂ ತಪ್ಪು ಮಾಡಿಲ್ವಂತೆ ರೀ" ಅಂದೆ.

ಹಾಲ್‌ ಕಡೆಯಿಂದ ಉತ್ತರ ಬರಲಿಲ್ಲ. ನಲ್ಲಿ ನಿಲ್ಲಿಸಿ ಮತ್ತೆ ಕಿವಿಗೊಟ್ಟೆ. ಅಲ್ಲಿ ಯಾರೂ ಇರಲಿಲ್ಲ.