ಕಿಡ್ನಿ ಕಲ್ಲಿನ ಬಗ್ಗೆ ಚಂದ್ರಲೇಖಾ ಕೇಳಿದ ಪ್ರಶ್ನೆ

ತಮಿಳುನಾಡಿನ ರಾಯಕೋಟೆಯಲ್ಲಿದ್ದು ಫ್ಯಾಕ್ಟರಿಯಲ್ಲಿ ದುಡಿಯುವ ಚಂದ್ರಲೇಖಾಳಿಗೆ ಎರಡು ವರ್ಷದಲ್ಲಿ ಮೂರನೇ ಸಲ ಕಿಡ್ನಿಯಲ್ಲಿ ಕಲ್ಲು ಕಾಣಿಸಿಕೊಂಡಿತು. ಬೆನ್ನಿನಿಂದ ತೊಡೆಸಂದಿಯವರೆಗೆ ಹಿಂಡುವ ನೋವು. ಟೊಮೆಟೊ ಬಿಡು ಎಂದರು ಒಬ್ಬರು. ಬಾಳೆದಿಂಡಿನ ರಸ ಕುಡಿ ಎಂದರು ಇನ್ನೊಬ್ಬರು. ಹಾಲೇ ಮುಟ್ಟಬೇಡ ಎಂದಳು ನಾದಿನಿ. ಯಾರ ಮಾತು ಕೇಳುವುದೋ ತಿಳಿಯದೆ ಅವಳ ತಲೆ ಕೆಟ್ಟುಹೋಗಿತ್ತು.

ಹೀಗಿರುವಾಗ ಆರೋಗ್ಯ ಕಾರ್ಯಕರ್ತೆ ಭಾನು ತಮಿಳಿನಲ್ಲಿ ಅಚ್ಚಾದ ಒಂದು ಹಾಳೆ ತಂದಳು.

"ಅಕ್ಕಾ, ಶನಿವಾರ ಹೊಸೂರಿನ ಆಸ್ಪತ್ರೇಲಿ ಮೀಟಿಂಗು. ಕಿಡ್ನಿ ಕಲ್ಲಿನ ಬಗ್ಗೆ ಮೊದ್ಲು ಏನು ರಿಸರ್ಚ್ ಮಾಡ್ಬೇಕು ಅಂತ ರೋಗಿಗಳ್ನೇ ಕೇಳ್ತಾರೆ. ಬತ್ತೀಯಾ?"

ಗಂಡ ವಾಸು ಹಾಳೆ ಇಸಿದುಕೊಂಡು ಓದಿದ. "ಆರಾಯ್ಚಿ, ಅಂದ್ರೆ ಸಂಶೋಧನೆ ಅಂತೈತೆ! ಇವಳ ಮೇಲೆ ಹೊಸ ಔಷ್ದಿ ಹಾಕಿ ನೋಡೋಕೇನಮ್ಮಾ?"

"ಅಯ್ಯೋ ಇಲ್ಲಣ್ಣಾ! ಸೂಜಿ ಇಲ್ಲ, ಮಾತ್ರೆ ಇಲ್ಲ. ಬರೀ ಮಾತು."

ಚಂದ್ರಲೇಖಾಳಿಗೆ ಗೊಂದಲ ಇನ್ನೂ ಹೆಚ್ಚಾಯಿತು. "ನಾನು ಓದಿರೋದು ಎಂಟ್ನೇ ಕ್ಲಾಸು ಕಣಮ್ಮಾ. ಡಾಕ್ಟ್ರಿಗೆ ನಾನೇನು ಹೇಳ್ಲಿ?"

"ನೋವು ತಿಂದೋಳು ನೀನಲ್ವಾ ಅಕ್ಕಾ?"

ಶನಿವಾರ ಗಂಡ ಹೆಂಡತಿ ಬಸ್ಸು ಹತ್ತಿದರು. ಹನ್ನೆರಡು ರೋಗಿಗಳು, ನಾಲ್ವರು ವೈದ್ಯರು ಒಂದೇ ಮೇಜಿನ ಸುತ್ತ ಕುಳಿತಿದ್ದರು. ಲೇಸರು, ಹೊಸ ಯಂತ್ರ ಎಂದು ವೈದ್ಯರು ಹೇಳಿದ್ದರಲ್ಲಿ ಅವಳಿಗೆ ಅರ್ಧವೂ ಅರ್ಥವಾಗಲಿಲ್ಲ. ಎದ್ದು ಹೋಗೋಣ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರ್ ಉಮಾಶಂಕರ್ ಅವಳ ಕಡೆ ತಿರುಗಿದರು. "ನಿಮಗೇನು ತಿಳೀಬೇಕಮ್ಮಾ?"

"ಸಾರ್, ಮೂರು ಲೀಟರ್ ನೀರು ಕುಡಿ ಅಂತೀರಿ. ಫ್ಯಾಕ್ಟ್ರಿ ಲೈನಲ್ಲಿ ನಿಂತ್ರೆ ನಾಲ್ಕು ಗಂಟೆ ಹೊತ್ತು ಒಂದಕ್ಕೆ ಹೋಗೋಕಾಗಲ್ಲ. ಅದ್ಕೇ ನಾನು ನೀರೇ ಕುಡಿಯಲ್ಲ. ನನ್ನಂತೋಳಿಗೆ ಕಲ್ಲು ಮತ್ತೆ ಬರ್ದಂಗೆ ಏನು ಮಾಡ್ಬೇಕು?"

ಎದುರಿಗಿದ್ದ ಬಸ್ ಡ್ರೈವರೊಬ್ಬರು, "ನಮ್ಮ ಕಥೇನೂ ಅದೇ ಕಣವ್ವಾ" ಎಂದರು.

"ಇದಕ್ಕೆ ನಮ್ಮ ಹತ್ರ ಸರಿಯಾದ ಉತ್ತರ ಇಲ್ಲಮ್ಮಾ" ಎಂದು ಡಾಕ್ಟರ್ ಒಪ್ಪಿಕೊಂಡರು. "ಹುಡುಕಬೇಕು."

ಮೊದಲು ಸಂಶೋಧಿಸಬೇಕಾದ ಪ್ರಶ್ನೆಗಳನ್ನು ಎಲ್ಲರೂ ಕೈಯೆತ್ತಿ ಆರಿಸಿದಾಗ ಅವಳ ಪ್ರಶ್ನೆ ಪಟ್ಟಿಯಲ್ಲಿ ಎರಡನೆಯದಾಗಿ ನಿಂತಿತು.

ವಾಪಸು ಬರುವಾಗ ವಾಸು ಮೆಲ್ಲಗೆ ಕೇಳಿದ, "ನೀರು ಕುಡಿಯಲ್ಲ ಅಂತ ನಂಗೂ ಹೇಳಿರ್ಲಿಲ್ವಲ್ಲೇ?"

"ಯಾರೂ ಕೇಳಿರ್ಲಿಲ್ಲ."

"ಮುಂದಿನ ಮೀಟಿಂಗು ಯಾವತ್ತಂತೆ? ನಾನೇ ಕರ್ಕೊಂಡ್ ಬತ್ತೀನಿ" ಎಂದ.

ನಿಮಗೂ ಕಿಡ್ನಿ ಕಲ್ಲಿನ ನೋವು ಬಂದಿದೆಯೇ? ನೀರು ಎಷ್ಟು ಕುಡಿಯಬೇಕು, ಏನು ತಿನ್ನಬೇಕು ಎಂದು ನಿಮ್ಮ ವೈದ್ಯರನ್ನು ಕೇಳಿ. ಸಂಶೋಧನೆಯ ಸಭೆಗೆ ಯಾರಾದರೂ ಕರೆದರೆ ಹಿಂಜರಿಯದೆ ಹೋಗಿ. ಗೊಂದಲವಿದ್ದರೆ ಆ ಗೊಂದಲವನ್ನೇ ಹೇಳಿ. ನಿಮ್ಮ ಕಷ್ಟ ನೀವು ಹೇಳದೆ ಅವರಿಗೆ ತಿಳಿಯುವುದಾದರೂ ಹೇಗೆ?